ಅಣ್ಣನ ಬಾಯಿ ನೋಡಿದ ವರ್ಷ

ಹೋದ ವಾರ ತೂಬಗೆರೆಗೆ ಹೊರಟ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರು ಕಡ್ಡಿಪುಡಿ ಪೊಟ್ಟಣ ಹರಿದರು. ಹರಿದ ಸದ್ದು ಕೇಳಲಿಲ್ಲ, ವಾಸನೆ ಬಂತು. ಒಣಗಿದ ಹೊಗೆಸೊಪ್ಪಿನ ಘಾಟು, ಅದರ ಹಿಂದೆ ಒಂದು ಹಳಸಿದ ಸಿಹಿ. ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಟೀಚರ್ ಆಗಿ ಇಡೀ ಆಯುಷ್ಯ ಕಳೆದವಳು ನಾನು. ಬಸ್ಸಿನಲ್ಲಿ ಯಾರಾದರೂ ಹೊಗೆಸೊಪ್ಪು ತೆಗೆದರೆ ತಿರುಗಿ ಎರಡು ಮಾತು ಹೇಳದೆ ಬಿಟ್ಟವಳಲ್ಲ. ಅವತ್ತು ತಿರುಗಲಿಲ್ಲ. ಕಿಟಕಿಯ ಗಾಜನ್ನೂ ಸರಿಸಲಿಲ್ಲ. ಅದು ನಮ್ಮಣ್ಣನ ಅಂಗಿ ಜೇಬಿನ ವಾಸನೆ. ಇಳಿಯುವ ಜಾಗ ಬರುವವರೆಗೂ ಅದನ್ನು ಒಳಗೆಳೆದುಕೊಳ್ಳುತ್ತಾ ಕೂತಿದ್ದೆ.

ಅಣ್ಣನ ಹೆಸರು ಹನುಮಂತರಾಯಪ್ಪ. ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ರಾಯಪ್ಪಣ್ಣ. ನಮ್ಮದು ತೂಬಗೆರೆ ಕಡೆಯ ಬೇಸಾಯದ ಮನೆ. ಅಪ್ಪ ಬೇಗ ಹೋದಾಗ ಅಣ್ಣ ಶಾಲೆ ಬಿಟ್ಟು ಪೇಟೆಯ ಮಗ್ಗದ ಶೆಡ್ಡಿಗೆ ಸೇರಿದ. ನಾನು ಓದಿದೆ. ಅವನು ಶೆಡ್ಡಿಗೆ ಹೋಗದಿದ್ದರೆ ನಾನು ಓದುತ್ತಿರಲಿಲ್ಲ. ಇದನ್ನು ಅವನು ಒಮ್ಮೆಯೂ ಆಡಿದವನಲ್ಲ, ನಾನು ಒಮ್ಮೆಯೂ ಮರೆತವಳಲ್ಲ. ಕೆಲಸ ಸಿಕ್ಕಿ ಮೊದಲ ದಿನ ಗಂಜಿ ಹಾಕಿದ ಸೀರೆ ಉಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಹೊರಟಾಗ ಅಣ್ಣ ಶೆಡ್ಡಿನ ಬಾಗಿಲಲ್ಲಿ ಕಾಲು ಜೋಡಿಸಿ ನೆಟ್ಟಗೆ ನಿಂತು, "ಹೋಗ್ಬನ್ನಿ ಮೇಡಂ" ಅಂದ. ಅವತ್ತಿನಿಂದ ಅವನ ಬಾಯಲ್ಲಿ ಜಯಾ ಎನ್ನುವ ಹೆಸರು ಹೋಯಿತು. ನಗುವಾಗಲೂ ಮೇಡಂ, ಸಿಟ್ಟು ಬಂದಾಗಲೂ ಮೇಡಂ.

ನಾನು ಮದುವೆಯಾಗಲಿಲ್ಲ. ಅಣ್ಣ ತನ್ನದೇ ಮಗ್ಗಗಳನ್ನು ಹಾಕಿಕೊಂಡ ಮೇಲೆ ಮುಂದೆ ಶೆಡ್ಡು, ಹಿಂದೆ ಅವನೂ ಅತ್ತಿಗೆಯೂ, ಮಹಡಿಯ ಮೇಲೆ ನಾನು. ಕರೆಂಟಿನ ಮಗ್ಗ ಓಡುವ ಮನೆಯಲ್ಲಿ ಹಾಸಿಗೆಯೂ ಸಣ್ಣಗೆ ನಡುಗುತ್ತಿರುತ್ತದೆ. ನಮಗೆ ಆ ನಡುಕ ಇದ್ದರೇ ನಿದ್ದೆ. ಶೆಡ್ಡಿನ ಒಳಗೆ ಯಾರೂ ಕೂಗುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿಯವರು ಸದ್ದಿಲ್ಲದೆ ಬಾಯಿ ಆಡಿಸುತ್ತಾರೆ. ಆಚೆ ಮಗ್ಗದವರು ಬಾಯಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಬಾಯಲ್ಲಿ ತಿಳಿಯದೆ ಉಳಿದದ್ದನ್ನು ಕೈ ಹೇಳುತ್ತದೆ. ಹಾಗೆಯೇ ಜಗಳ ಆಡುತ್ತಾರೆ, ಹಾಗೆಯೇ ನಗುತ್ತಾರೆ. ನಾನು ಬಾಗಿಲಿಗೆ ಬಂದರೆ ಅಣ್ಣ ಕೈ ಒರೆಸಿಕೊಂಡು ಹೊರಗೆ ಬಂದು ಮಾತಾಡುತ್ತಿದ್ದ. ಹಾಗಾಗಿ ಮಗ್ಗದ ಮನೆಯಲ್ಲೇ ಇದ್ದೂ ಆ ಮಾತು ನನಗೆ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ.

ರೇಷ್ಮೆ ನೂಲಿನ ಪಕ್ಕದಲ್ಲಿ ಬೀಡಿ ಹಚ್ಚುವಂತಿಲ್ಲ. ನಿದ್ದೆ ತಡೆಯಲು ಶೆಡ್ಡಿನವರು ಕೆನ್ನೆಯೊಳಗೆ ಕಡ್ಡಿಪುಡಿ ಇಟ್ಟುಕೊಳ್ಳುತ್ತಾರೆ. ಅಣ್ಣ ಹುಡುಗನಾಗಿದ್ದಾಗಲೇ ಇಟ್ಟುಕೊಂಡಿದ್ದ, ತೆಗೆಯಲೇ ಇಲ್ಲ.

ನಾನು ನಿವೃತ್ತಳಾದ ಬೇಸಿಗೆಯಲ್ಲಿ ಅಣ್ಣ ಸಾರಿಗೆ ಮೊಸರು ಬೆರೆಸಿಕೊಂಡು ಉಣ್ಣತೊಡಗಿದ. ಖಾರ ತಾಗಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೆನ್ನೆಯ ಒಳಗೆ ಬೆಳ್ಳಗೆ ಚಕ್ಕೆ ಕಟ್ಟಿದೆ ಎಂದು ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು.

"ನೀನೊಂದ್ ಮಾತು ಹೇಳು ಜಯಾ. ಊರ್ ಮಕ್ಳಿಗೆಲ್ಲ ಬುದ್ಧಿ ಹೇಳ್ದೋಳು ನೀನು."

"ಮಕ್ಕಳಿಗೆ ಹೇಳ್ಬೋದು ಅತ್ತಿಗೆ. ಅಣ್ಣನಿಗೆ ಹೆಂಗ್ ಹೇಳ್ಲಿ? ನೀವೇ ಹೇಳಿ."

"ನಾನ್ ಹೇಳಿದ್ರೆ ಮಗ್ಗದ್ ಸದ್ದಲ್ಲಿ ಕೇಳ್ಸಲ್ಲ ಅಂತಾರೆ."

"ಮಗ್ಗ ನಿಂತಾಗ ಹೇಳಿ."

"ಮಗ್ಗ ನಿಂತಾಗ ಗೊರಕೆ ಹೊಡೀತಿರ್ತಾರೆ ಕಣಮ್ಮ."

ನಮ್ಮ ಮನೆಯಲ್ಲಿ ತಂಗಿಯಾದವಳು ಅಣ್ಣನ ಎದುರು ನಿಂತು ಇದನ್ನು ಬಿಡು ಎನ್ನುವುದಿಲ್ಲ. ಅದರಲ್ಲೂ ಅವನ ಕೂಲಿಯಲ್ಲಿ ಓದಿದವಳು. ನೇರವಾಗಿ ಹೇಳಲು ಆಗದ್ದನ್ನು ಬೀದಿಗೆಲ್ಲ ಹೇಳೋಣ, ಬೀದಿಯ ಜೊತೆ ಅವನೂ ಕೇಳಿಸಿಕೊಳ್ಳಲಿ ಎಂದು ಯೋಚಿಸಿದೆ. ಭಾನುವಾರ ಬೆಳಿಗ್ಗೆ ಮಗ್ಗಗಳು ತಡವಾಗಿ ಶುರುವಾಗುತ್ತವೆ. ಆ ಹೊತ್ತಿಗೆ ಶಾಲೆಯ ಮೈದಾನದಲ್ಲಿ ಸೇರುವುದು, ಸ್ವಲ್ಪ ಕೈಕಾಲು ಆಡಿಸುವುದು, ಒಬ್ಬೊಬ್ಬರು ಒಂದೊಂದು ಅಭ್ಯಾಸ ತಿದ್ದಿಕೊಳ್ಳುವುದು. ಮನೆಮನೆಗೆ ಹೋಗಿ ಹೇಳಿದೆ. "ಬರ್ತೀವಿ ಹೋಗಿ ಮೇಡಂ" ಎಂದರು ಎಲ್ಲರೂ. ಯಾರೊಬ್ಬರೂ ಬರುವುದಿಲ್ಲ ಎನ್ನಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಭಾನುವಾರ ಆಷಾಢದ ಗಾಳಿ ಧೂಳೆಬ್ಬಿಸಿಕೊಂಡು ಬೀಸುತ್ತಿತ್ತು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ನಿಂತಿದ್ದೆ. ಬಂದವಳು ರತ್ನಮ್ಮ. ಅಣ್ಣನ ಶೆಡ್ಡಿನಲ್ಲೇ ಮಗ್ಗ ನಡೆಸುವವಳು, ಪಕ್ಕದ ಮನೆಯವಳು. ಆಮೇಲೆ ಬಂದವನು ಆಟೋ ನಾಗರಾಜ. ಅವನು ಬಂದವನೇ ಹೆಬ್ಬೆರಳು ಮುಂದೆ ಚಾಚಿದ.

"ಎಲ್ಲಿ ಮೇಡಂ ಒತ್ಬೇಕು?"

"ಏನನ್ನು?"

"ರೇಷನ್ ಕಾರ್ಡಿಗೆ ಥಂಬ್ ತಗೊಳ್ತಾರಂತಲ್ಲ, ಅದಕ್ಕಲ್ವಾ ಕರ್ದಿದ್ದು?"

ರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಣ್ಣ ಗೇಟಿನ ಹತ್ತಿರ ನಿಂತು ಎಲ್ಲ ನೋಡಿದ. ಖಾಲಿ ಗೆರೆ ನೋಡಿದ, ನನ್ನನ್ನು ನೋಡಿದ, ಬೀದಿಗೆ ವಾಪಸ್ ಹೋದ. ಬಾಗಿಲು ಬಡಿಯುವ ಸದ್ದು ಮೈದಾನಕ್ಕೆ ಕೇಳುತ್ತಿತ್ತು. "ಏಳ್ರಲೇ, ನಮ್ ಮೇಡಂ ಒಬ್ಳೇ ನಿಂತವ್ಳೆ ಅಲ್ಲಿ. ಬರ್ತೀವಿ ಅಂದೋರೆಲ್ಲ ಎಲ್ ಸತ್ರಿ?" ಸ್ವಲ್ಪ ಹೊತ್ತಿಗೆ ಪಂಚೆ ಸರಿಮಾಡಿಕೊಳ್ಳುತ್ತಾ, ಕಣ್ಣುಜ್ಜುತ್ತಾ ಬೀದಿಯ ಅರ್ಧ ಜನ ಅವನ ಹಿಂದೆ ಬಂದರು. ಅವನನ್ನು ಹಿಡಿಯಲು ನಾನು ಹಾಕಿದ ಗೆರೆಯ ಮೇಲೆ ಅವನೇ ಜನರನ್ನು ತಂದು ನಿಲ್ಲಿಸಿದ.

ಅದಕ್ಕೆ ಬೀದಿಯವರು ಮೇಡಂ ಡ್ರಿಲ್ ಎಂದು ಹೆಸರಿಟ್ಟರು. ನನ್ನ ನಿಯಮ ಸರಳವಾಗಿತ್ತು. ಈ ವಾರ ಏನು ತಿದ್ದಿಕೊಳ್ಳುತ್ತೀರಿ ಎಂದು ಸಾಲಿನಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು. ಮುಂದಿನ ವಾರ 'ಆಯ್ತು' ಇಲ್ಲವೇ 'ಆಗಲಿಲ್ಲ' ಅನ್ನಬೇಕು. ಕಾರಣ ಹೇಳುವಂತಿಲ್ಲ. ಮೊದಮೊದಲು ಜನರಿಗೆ ಇದು ಬಹಳ ಕಷ್ಟವಾಯಿತು. ಕಾರಣವಿಲ್ಲದೆ ಬರೀ 'ಆಗಲಿಲ್ಲ' ಎಂದು ಬಾಯಿ ಮುಚ್ಚಿ ನಿಲ್ಲುವುದು ಮೈಮೇಲೆ ಬಟ್ಟೆಯಿಲ್ಲದೆ ನಿಂತ ಹಾಗೆ ಆಗುತ್ತದೆ ಮೇಡಂ ಎಂದು ನಾಗರಾಜ ದೂರಿದ. ಅವನದು ಉಣ್ಣುವಾಗ ಫೋನ್ ನೋಡುವುದಿಲ್ಲ ಎನ್ನುವ ಮಾತು. ರತ್ನಮ್ಮನದು ಮಗ್ಗ ಹಾಕುವ ಮೊದಲು ಬರೀ ಟೀ ಕುಡಿಯುವ ಬದಲು ಒಂದು ಮುದ್ದೆ ತಿನ್ನುವುದು. ಅಣ್ಣ ತಾನು ಉಂಡ ತಟ್ಟೆ ತಾನೇ ತೊಳೆಯುತ್ತೇನೆ ಎಂದ. ಮುಂದಿನ ವಾರ ಎದೆಯುಬ್ಬಿಸಿ "ಆಯ್ತು" ಎಂದ. ಹಿಂದಿನ ಸಾಲಿನಿಂದ ಅತ್ತಿಗೆ, "ತೊಳೆದ್ರು. ಅದನ್ನ ನಾನು ಇನ್ನೊಂದ್ಸಲ ತೊಳೆದೆ" ಎಂದರು.

ಸೋನೆ ಹಿಡಿದ ವಾರಗಳಲ್ಲೂ ಸಾಲು ತಪ್ಪಲಿಲ್ಲ. ಶಾಲೆಯ ಜಗಲಿಯ ಮೇಲೆ ಸೇರುತ್ತಿದ್ದೆವು. ಅಣ್ಣ ನೀರು ಜಾಸ್ತಿ ಕುಡಿಯುತ್ತೇನೆ ಎಂದ, ಆಯ್ತು. ಕೆರೆ ಏರಿಯವರೆಗೆ ನಡೆಯುತ್ತೇನೆ ಎಂದ, ಆಯ್ತು. ಶೆಡ್ಡಿನಲ್ಲಿ ಯಾರಿಗೂ ಬೈಯುವುದಿಲ್ಲ ಎಂದ, ಅದೊಂದಕ್ಕೆ ಸಾಲೆಲ್ಲ ನಕ್ಕಿತು. ಕಡ್ಡಿಪುಡಿಯ ಮಾತು ಮಾತ್ರ ಎತ್ತಲಿಲ್ಲ. ಅದಕ್ಕಾಗಿಯೇ ಇದೆಲ್ಲ ಎಂದು ಅಷ್ಟು ಹೊತ್ತಿಗೆ ಬೀದಿಗೂ ಗೊತ್ತಾಗಿತ್ತು. ಅವನಿಗೂ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಅಣ್ಣನ ಸರದಿ ಬಂದಾಗ ಎಲ್ಲರೂ ಸುಮ್ಮನಾಗುತ್ತಿದ್ದರು, ಅವನು ಬೇರೇನೋ ಹೇಳುತ್ತಿದ್ದ, ಎಲ್ಲರೂ ಉಸಿರು ಬಿಡುತ್ತಿದ್ದರು.

ಗೌರಿ ಹಬ್ಬ ಕಳೆದ ಭಾನುವಾರ ಅವನು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, "ಕಡ್ಡಿಪುಡಿ" ಎಂದ. ಅಷ್ಟೇ.

ಮುಂದಿನ ವಾರ "ಆಗಲಿಲ್ಲ" ಎಂದ. ಅದರ ಮುಂದಿನ ವಾರವೂ "ಆಗಲಿಲ್ಲ." ಯಾರೂ ನಗಲಿಲ್ಲ. ಅವನ ಜೊತೆಗೆ ಶೆಡ್ಡಿನ ಇನ್ನೂ ಕೆಲವರು ಅದೇ ಮಾತು ಕೊಟ್ಟು, ಅವನ ಜೊತೆಗೇ 'ಆಗಲಿಲ್ಲ' ಎಂದರು. ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಂಡು ಓಡಾಡಿದ. ಅತ್ತಿಗೆ ಲವಂಗ ಕೊಟ್ಟರು. ದೀಪಾವಳಿಗೆ ಮುಂಚಿನ ಭಾನುವಾರ ಅವನ ಸರದಿ ಬಂತು. ತಲೆ ತಗ್ಗಿಸಿ ನಿಂತಿದ್ದವನು ತಲೆ ಎತ್ತಿ, "ಆಯ್ತು" ಎಂದ. ನಾನು ಸೀಟಿ ಊದಿಬಿಟ್ಟೆ. ಯಾಕೆ ಊದಿದೆನೋ ಗೊತ್ತಿಲ್ಲ, ಅದೊಂದೇ ಕೈಗೆ ಸಿಕ್ಕಿದ್ದು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಅಣ್ಣ ನನ್ನ ಕಡೆ ತಿರುಗಿ, "ಸಾಕಾ ಮೇಡಂ?" ಎಂದ.

ದೀಪಾವಳಿಯ ದಿನ ಅತ್ತಿಗೆ ಮಾಡಿದ ಕಜ್ಜಾಯವನ್ನು ಅಣ್ಣ ಚೂರು ಮಾಡಿ ಹಾಲಲ್ಲಿ ನೆನೆಸಿ, ಚಮಚದ ತುದಿಯಿಂದ ಬಾಯಿಗೆ ತಳ್ಳಿಕೊಳ್ಳುತ್ತಿದ್ದ. ಅರ್ಧಕ್ಕೇ ಬಿಟ್ಟು ಎದ್ದು ಹೋದ. ಅವನು ಶೆಡ್ಡಿಗೆ ಹೋದ ಮೇಲೆ ಅತ್ತಿಗೆ ನನ್ನ ಎದುರು ಕೂತರು.

"ಬಾಯಿಗೆ ಬೆರಳು ಹೋಗ್ತಿಲ್ಲ ಜಯಾ."

"ಅಂದ್ರೆ?"

"ಅಂದ್ರೆ ಏನು. ಬಾಯಿ ತೆರೆಯಕ್ಕೇ ಆಗ್ತಿಲ್ಲ. ಕಡ್ಡಿಪುಡಿ ಇಡಕ್ಕೆ ಬೆರಳು ಒಳಗ್ ಹೋಗ್ಬೇಕಲ್ಲಮ್ಮ. ಅದಕ್ಕೇ ಬಿಟ್ಟಿದ್ದು. ನೀನು ಸೀಟಿ ಊದ್ದಾಗ ನಂಗೆ ಹೇಳಕ್ಕಾಗ್ಲಿಲ್ಲ. ಅವ್ರೂ ಹೇಳ್ಬೇಡ ಅಂದ್ರು."

ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ದಿನಗಳನ್ನು ಇಲ್ಲಿ ಬರೆಯುವುದಿಲ್ಲ. ಕೆನ್ನೆ, ಕೆಳದವಡೆಯ ಒಂದು ಭಾಗ, ನಾಲಿಗೆಯ ಒಂದು ಭಾಗ ತೆಗೆದರು. ತೊಡೆಯ ಚರ್ಮ ತಂದು ಮುಖಕ್ಕೆ ಹೊಲಿದರು. ಮೂಗಿನ ಮೂಲಕ ಒಂದು ನಳಿಕೆ ಹಾಕಿ, ಅಂಬಲಿ ಹಾಲು ಏನಿದ್ದರೂ ಅದರಲ್ಲೇ ಎಂದರು. ಅಣ್ಣ ಮನೆಗೆ ಬಂದಾಗ ಅವರೆಕಾಯಿ ಕಾಲ. ಚಳಿ ಹಿಡಿದಿತ್ತು, ಸೊಗಡಿನ ಕಾಯಿ ಗಾಡಿಗಳು ಬೀದಿಗೆ ಬರುತ್ತಿದ್ದವು. ಅವರೆ ಬೇಯಿಸುವಾಗ ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ರಾಯಪ್ಪಣ್ಣನಿಗೆ ವಾಸನೆ ಹೋಗಬಾರದು ಎಂದು. ಅದು ಅಣ್ಣನಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಟವೆಲನ್ನು ಮುಖದ ಕೆಳಗಿನ ಅರ್ಧಕ್ಕೆ ಸುತ್ತಿಕೊಂಡು ರತ್ನಮ್ಮನ ಮನೆಗೆ ಹೋಗಿ ಬಾಗಿಲು ತಳ್ಳಿ, ಟವೆಲ್ ಇಳಿಸಿ ಏನೋ ಹೇಳಿದ. ನಾನು ನಮ್ಮ ಜಗಲಿಯಿಂದ ನೋಡುತ್ತಿದ್ದೆ. ರತ್ನಮ್ಮ ಕಣ್ಣೊರೆಸಿಕೊಂಡು ಬಾಗಿಲನ್ನು ಗೋಡೆಯವರೆಗೂ ತೆರೆದಿಟ್ಟಳು.

"ಏನಂದ ರತ್ನಮ್ಮ?"

"ತಿನ್ನೋದು ತಪ್ಪಿದ್ದಾಯ್ತು, ವಾಸ್ನೇನೂ ತಪ್ಪಿಸ್ತೀರಾ ಅಂದ್ರು ಮೇಡಂ."

ಅವನು ದನಿ ಎತ್ತಿದರೆ ಸ್ವರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದೆರಡು ಸಲ ಪ್ರಯತ್ನಿಸಿ, ತನ್ನ ದನಿ ತಾನೇ ಕೇಳಿ ಅಂಜಿ, ಬಿಟ್ಟುಬಿಟ್ಟ. ಬರೆಯಲಿ ಎಂದು ಸ್ಲೇಟು ತಂದುಕೊಟ್ಟೆ. ಸಹಿ ಹಾಕುವುದು ಬಿಟ್ಟರೆ ಬರೆಯುವ ಅಭ್ಯಾಸ ಅವನಿಗಿರಲಿಲ್ಲ. ಅಕ್ಷರ ಕೂಡಿಸಲು ಹೋಗಿ ಮುಖ ಕೆಂಪಗೆ ಮಾಡಿಕೊಂಡು ಸ್ಲೇಟನ್ನು ಮಗುಚಿಟ್ಟ. ಶೆಡ್ಡಿನ ಮಾತು ಒಂದೇ ಉಳಿದದ್ದು. ಹೊಲಿಗೆ ಹಾಕಿದ ತುಟಿ ಒಂದು ಕಡೆಗೆ ಎಳೆದುಕೊಂಡಿದ್ದರಿಂದ ಬಾಯಿ ಅರ್ಧ ಹೇಳುತ್ತಿತ್ತು, ಮಿಕ್ಕರ್ಧವನ್ನು ಕೈ ಹೇಳುತ್ತಿತ್ತು. ಮಗ್ಗದವರಿಗೆ ಅಷ್ಟು ಸಾಕಾಗಿತ್ತು. ನಾಗರಾಜನೂ ಮಗ್ಗದ ಮನೆಯಲ್ಲೇ ಹುಟ್ಟಿದವನು, ಅವನಿಗೂ ತಿಳಿಯುತ್ತಿತ್ತು. ಅತ್ತಿಗೆ ಮದುವೆಯಾದಾಗಿನಿಂದ ಅದೇ ಶೆಡ್ಡಿನಲ್ಲಿ ನೂಲು ಸುತ್ತಿದವರು. ಇಡೀ ಬೀದಿಯಲ್ಲಿ ಅಣ್ಣನ ಮಾತು ತಿಳಿಯದವಳು ನಾನೊಬ್ಬಳು.

ಡ್ರಿಲ್ ನಿಲ್ಲಿಸಿಬಿಡಬೇಕು ಎಂದುಕೊಂಡಿದ್ದೆ. ಸಂಕ್ರಾಂತಿ ಕಳೆದ ಭಾನುವಾರ ಮೈದಾನದ ಬೀಗ ತೆಗೆದವನು ಅಣ್ಣನೇ. ತನ್ನ ಜಾಗದಲ್ಲಿ ಹೋಗಿ ನಿಂತ. ಜನ ಬಂದರು. ನಾನು ಅಭ್ಯಾಸಬಲದಿಂದ ಸೀಟಿ ಊದಿದೆ. ಅಣ್ಣ ಟವೆಲ್ ಇಳಿಸಿ ಬಾಯಿ ಆಡಿಸಿದ, ಕೈ ತಿರುಗಿಸಿದ. ಸಾಲೆಲ್ಲ ಗೊಳ್ಳೆಂದು ನಕ್ಕಿತು. ಎಷ್ಟೋ ವಾರಗಳ ಮೇಲೆ ಬಂದ ನಗು. ನಗು ಸಾಲಿನ ತುದಿಯಿಂದ ತುದಿಗೆ ಹೋಗಿ ನನ್ನ ಹತ್ತಿರ ಬಂದು ನಿಂತಿತು.

"ನನಗೂ ಯಾರಾದ್ರೂ ಹೇಳ್ರಪ್ಪಾ" ಎಂದೆ.

ರತ್ನಮ್ಮ ಹಿಂದೆ ಮುಂದೆ ನೋಡಿ ಹೇಳಿದಳು. "ಕಿವುಡ್ರು ಬೀದೀಲಿ ಯಾರಿಗ್ ಊದ್ತಾಳೆ ಇವ್ಳು ಅಂತ ಮೇಡಂ."

"ಇವಳು ಅಂದನಾ?"

"ಇಲ್ಲ, ಹಿಂಗಂದ್ರು." ಅವಳು ಹೆಬ್ಬೆರಳು ತೋರುಬೆರಳು ಜೋಡಿಸಿ, ಅವುಗಳ ನಡುವೆ ಏನೋ ಹಿಡಿದಂತೆ ತುಟಿಯ ಹತ್ತಿರ ತಂದಳು. ಸೀಟಿ. "ಇದು ನೀವು. ಶೆಡ್ನಲ್ಲಿ ಎಲ್ರಿಗೂ ಒಂದೊಂದು ಇರ್ತದೆ. ನಂಗೆ ಮೂಗುತಿ. ನಾಗ್ರಾಜಂಗೆ ಮೀಸೆ. ನಿಮಗಿದು. ಅಣ್ಣಾನೇ ಇಟ್ಟಿದ್ದು, ನೀವು ಕೆಲ್ಸಕ್ ಸೇರಿದ್ ದಿವ್ಸವೇ ಅಂತೆ."

ನಾನು ಶಾಲೆಯಲ್ಲಿ ಮಕ್ಕಳನ್ನು ಓಡಿಸುತ್ತಿದ್ದ ಅಷ್ಟೂ ಕಾಲ ಆ ಶೆಡ್ಡಿನಲ್ಲಿ ನನಗೊಂದು ಹೆಸರಿತ್ತು. ಮೇಡಂ ಬಂದಳು, ಮೇಡಂಗೆ ಊಟ ಆಯ್ತಾ, ಮೇಡಂಗೆ ವರ್ಗ ಆಗಿದೆಯಂತೆ ಎಂದು ಅಣ್ಣ ಮಗ್ಗದಿಂದ ಮಗ್ಗಕ್ಕೆ ಹೇಳಿರಬೇಕು. ಬಾಗಿಲಲ್ಲಿ ನಿಂತಿದ್ದಾಗಲೂ ನನಗದು ಕಂಡಿರಲಿಲ್ಲ.

ಅವತ್ತು ನನ್ನ ಸರದಿ ಬಂದಾಗ, ಈ ವಾರ ಅಣ್ಣನ ಮಾತು ಕಲಿಯುತ್ತೇನೆ ಎಂದೆ.

ರತ್ನಮ್ಮ ಕಲಿಸಲು ಒಪ್ಪಿದಳು. ಮಧ್ಯಾಹ್ನ ಅಣ್ಣನ ಮಂಚದ ಪಕ್ಕ ಕೂರುತ್ತಿದ್ದೆವು. ನಾನು ಸುಲಭ ಎಂದುಕೊಂಡಿದ್ದೆ. ಅಲ್ಲವಾಗಿತ್ತು. ಮಾತಾಡುವವರ ಕಣ್ಣನ್ನು ನೋಡು ಎಂದು ಮಕ್ಕಳಿಗೆ ಕಲಿಸಿದವಳು ನಾನು, ನನ್ನ ನೋಟ ತಾನಾಗಿಯೇ ಕಣ್ಣಿಗೆ ಹೋಗುತ್ತಿತ್ತು.

"ಕಣ್ಣು ಬಿಡಿ ಮೇಡಂ, ಬಾಯಿ ನೋಡಿ."

"ನೋಡ್ತಿದ್ದೀನಿ."

"ಎಲ್ ನೋಡ್ತಿದ್ದೀರ, ಕಣ್ಣೇ ನೋಡ್ತಿದ್ದೀರ."

ನಿಜ ಏನೆಂದರೆ ಆ ಬಾಯಿಯನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಹೊಲಿಗೆ, ಜೋತ ತುಟಿ, ಕೆನ್ನೆಯ ಮೇಲೆ ಬೇರೆ ಬಣ್ಣದ ಚರ್ಮ. ನೋಟ ಅಲ್ಲಿಗೆ ಹೋಗಿ ತಟ್ಟನೆ ಮೇಲೆ ಹಾರುತ್ತಿತ್ತು. ಅಣ್ಣನಿಗೆ ಅದು ತಿಳಿಯಿತು. ರತ್ನಮ್ಮನ ಎದುರು ಟವೆಲ್ ಇಳಿಸಿ ಮಾತಾಡುತ್ತಿದ್ದವನು ನನ್ನ ಕಡೆ ತಿರುಗುವಾಗ ಟವೆಲ್ ಏರಿಸುತ್ತಿದ್ದ. ಅವನಿಗೆ ನಾಚಿಕೆಯಾಗಿ ಅಲ್ಲ, ನನಗೆ ಕಷ್ಟವಾಗಬಾರದು ಎಂದು. ಟವೆಲ್ ಮರೆಯಲ್ಲಿ ಏನು ಮಾತು, ಏನು ಕಲಿಕೆ. ಭಾನುವಾರ ಬಂತು, "ಆಗಲಿಲ್ಲ" ಎಂದೆ. ಮತ್ತೊಂದು ಭಾನುವಾರ "ಆಗಲಿಲ್ಲ." ನನ್ನದೇ ನಿಯಮದಂತೆ ಕಾರಣ ಹೇಳಲಿಲ್ಲ. ಅಣ್ಣ ತನ್ನ ಜಾಗದಿಂದ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದ, ಇರಲಿ ಬಿಡು ಎನ್ನುವಂತೆ.

ಶಿವರಾತ್ರಿಯ ಸುಮಾರಿಗೆ ಚಳಿ ಬಿಟ್ಟಿತು. ಶಾಲೆಯ ಮುಂದಿನ ಹೊಂಗೆ ಮರ ಎಲೆ ಉದುರಿಸಿ ಚಿಗುರತೊಡಗಿತ್ತು. ಒಂದು ಸಂಜೆ ಅಣ್ಣನ ಟವೆಲನ್ನು ನಾನೇ ಕೈಯಾರೆ ಇಳಿಸಿದೆ. ಅವನು ಕೈ ಹಿಡಿದು ತಡೆದ. ನಾನು ಬಿಡಲಿಲ್ಲ. 'ಹೇಳಣ್ಣ' ಎಂದು ಬಾಯಿಯನ್ನೇ ನೋಡುತ್ತಾ ಕೂತೆ. ಕಣ್ಣಲ್ಲಿ ನೀರು ಬಂದು ಏನೂ ಕಾಣದಂತಾದಾಗ ಒರೆಸಿಕೊಂಡು ಮತ್ತೆ ನೋಡಿದೆ. ಅವನು ನಿಧಾನವಾಗಿ ಬಾಯಿ ಆಡಿಸಿ, ನನ್ನ ತೋಳಿನ ಮೇಲೆ ಕಣ್ಣಿಟ್ಟ. ತುಟಿ ದುಂಡಗಾಯಿತು, ಅಗಲವಾಯಿತು.

"ಸೊಳ್ಳೆ?" ಎಂದೆ.

ಅಣ್ಣ ನನ್ನ ತೋಳಿಗೆ ಒಂದು ಏಟು ಕೊಟ್ಟು ಅಂಗೈ ತೋರಿಸಿದ. ಸೊಳ್ಳೆಯೇ. ಆ ಭಾನುವಾರ ಸಾಲಿನಲ್ಲಿ ನಿಂತು, "ಆಯ್ತು, ಒಂದು ಮಾತು" ಎಂದೆ. ಯಾವ ಮಾತು ಮೇಡಂ ಎಂದು ನಾಗರಾಜ ಕೇಳಿದ. ಹೇಳಿದೆ. "ಏನ್ ಗುರು ಇದು, ಇಷ್ಟ್ ದಿನಕ್ಕೆ ಒಂದು ಸೊಳ್ಳೆ ಹೊಡೆದ್ರಾ!" ಎಂದು ಅವನು ಕೂಗಿದ. ಅಣ್ಣ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ. ಅವನು ಸಾಲಿಗೆ ಬಂದ ಕೊನೆಯ ಭಾನುವಾರ ಅದು.

ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯವರು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಬಿಸಿಲು ಏರುತ್ತಾ ಹೋದಂತೆ ಅವನು ಇಳಿಯುತ್ತಾ ಹೋದ. ಎಡಗೈ ಊದಿಕೊಂಡು ಎತ್ತಲಾಗದಂತಾಯಿತು. ಮಗ್ಗ ಮಾತ್ರ ನಿಲ್ಲಿಸಬಾರದು ಎಂದು ಅತ್ತಿಗೆಗೆ ಹೇಳಿದ್ದನಂತೆ. ಮುಂದಿನ ಶೆಡ್ಡಿನಲ್ಲಿ ಮಗ್ಗ ಓಡುತ್ತಿತ್ತು, ಹಿಂದಿನ ಕೋಣೆಯಲ್ಲಿ ಮಂಚ ಸಣ್ಣಗೆ ನಡುಗುತ್ತಿತ್ತು. ನನಗೆ ಇನ್ನೂ ಕೆಲವು ಮಾತುಗಳು ತಿಳಿಯತೊಡಗಿದ್ದವು. ನೀರು. ನೋವು. ಕಿಟಕಿ. ಒಂದು ಇಡೀ ವಾಕ್ಯ ತಿಳಿದಿರಲಿಲ್ಲ. ಅವನು ನನಗೆ ಉದ್ದಕ್ಕೆ ಏನೋ ಹೇಳಬೇಕೆಂದು ಶುರು ಮಾಡಿ, ನನ್ನ ಮುಖ ನೋಡಿ, ಮಧ್ಯದಲ್ಲೇ ಬಿಟ್ಟ ಸಲಗಳಿವೆ. ರತ್ನಮ್ಮನನ್ನು ಕರೆಯಲಾ ಎಂದರೆ ಬೇಡ ಎಂದು ಕೈ ಬೀಸುತ್ತಿದ್ದ. ಅದು ನನಗೊಬ್ಬಳಿಗೇ ಹೇಳುವ ಮಾತು ಇರಬೇಕು.

ಯುಗಾದಿಗೆ ಇನ್ನು ಸ್ವಲ್ಪ ದಿನ ಇತ್ತು. ಮಧ್ಯಾಹ್ನ ಅತ್ತಿಗೆ ಔಷಧಿ ಅಂಗಡಿಗೆ ಹೋಗಿದ್ದರು. ಅಣ್ಣನ ಬಲಗೈ ಆ ಬಿಸಿಲಲ್ಲೂ ತಣ್ಣಗಿತ್ತು. ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಉಜ್ಜುತ್ತಾ ಕೂತಿದ್ದೆ. ಅವನು ಕಣ್ಣು ತೆರೆದ.

"ಸ್ವಲ್ಪ ಅಂಬಲಿ ಹಾಕ್ಲಾ ಅಣ್ಣ?" ಎಂದೆ.

ನಾನು ಕಣ್ಣನ್ನು ನೋಡಲಿಲ್ಲ. ಬಾಯಿಯನ್ನೇ ನೋಡಿದೆ. ತುಟಿಗಳು ಒಂದು ಬದಿಯಲ್ಲಿ ಸೇರಿದವು, ಬಿಟ್ಟವು, ಅಗಲವಾದವು, ಆಮೇಲೆ ಶಕ್ತಿ ಸಾಲದೆ ಹಾಗೆಯೇ ತೆರೆದುಕೊಂಡವು. ನನಗೆ ಸ್ಪಷ್ಟವಾಗಿ ಕಂಡಿತು. ಬೇಡ. ಕಂಡಿತಲ್ಲ, ರತ್ನಮ್ಮನನ್ನು ಕೇಳದೆಯೇ ತಿಳಿಯಿತಲ್ಲ ಎಂದು ಹೇಳಿಕೊಳ್ಳಲಾಗದ ಒಂದು ಸಂತೋಷವೂ ಆಯಿತು. "ಆಯ್ತಣ್ಣ, ಬೇಡ ಬಿಡು, ಮಲ್ಕೋ" ಎಂದು ಕೈಯನ್ನು ಹಾಸಿಗೆಯ ಮೇಲಿಟ್ಟು, ಬಾಯೊರೆಸಿ, ಅಂಬಲಿಯ ಬಟ್ಟಲು ತೆಗೆದುಕೊಂಡು ಹೊರಗೆ ಬಂದೆ. ಬಟ್ಟಲು ತೊಳೆದೆ. ನಳಿಕೆಯ ಸಾಮಾನೆಲ್ಲ ತೊಳೆದು ಜೋಡಿಸಿಟ್ಟೆ. ನಾನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ವಾಪಸ್ ಬಂದಾಗ ಅಣ್ಣನ ಮುಖ ಬಾಗಿಲ ಕಡೆಗೆ ತಿರುಗಿತ್ತು. ಕಣ್ಣು ಮುಚ್ಚಿತ್ತು, ಉಸಿರು ಇತ್ತು. ಸಂಜೆಗೆ ಅದು ನಿಂತಿತು. ಆಮೇಲೆ ಮಗ್ಗಗಳು ಒಂದೊಂದಾಗಿ ನಿಂತವು.

ಆ ವರ್ಷ ನಮಗೆ ಯುಗಾದಿ ಇರಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲಿನ ಭಾನುವಾರ ನಾನು ಮೈದಾನಕ್ಕೆ ಹೋಗಬಾರದು ಎಂದಿದ್ದೆ. ಜನ ಹೋಗಿ ನಿಂತುಬಿಟ್ಟಿದ್ದರು. ಹೋದೆ. ಅಣ್ಣನ ಜೊತೆ 'ಆಗಲಿಲ್ಲ' ಎಂದಿದ್ದ ಶೆಡ್ಡಿನವರು ಒಬ್ಬೊಬ್ಬರಾಗಿ 'ಆಯ್ತು' ಎಂದರು. ನಾನು ಸೀಟಿ ಊದಲಿಲ್ಲ. ಈಗಲೂ ಸಾಲು ನಡೆಯುತ್ತಿದೆ, ಸೀಟಿ ಇಲ್ಲದೆಯೇ.

ನಾನು ಶೆಡ್ಡಿಗೆ ಹೋಗಿ ಕೂರತೊಡಗಿದೆ. ಮಳೆ ಬರುವ ಹೊತ್ತಿಗೆ ಅತ್ತಿಗೆಯ ಪಕ್ಕ ನೂಲು ಸುತ್ತುವುದನ್ನು ಕಲಿತೆ, ಅದರ ಜೊತೆಗೆ ಆ ಮಾತನ್ನೂ ಕಲಿತೆ. ಕಲಿಯುವುದು ಅಷ್ಟೇನೂ ಕಷ್ಟವಿರಲಿಲ್ಲ. ಆರೋಗ್ಯವಾದ, ನೆಟ್ಟಗಿರುವ ಬಾಯಿಗಳನ್ನು ನೋಡುತ್ತಾ ಹೋದರೆ ಬರುತ್ತದೆ. ರತ್ನಮ್ಮ ಮಗ್ಗದ ಆಚೆಯಿಂದ ತನ್ನ ಸೊಸೆಯನ್ನು ಬೈದುಕೊಂಡರೆ ನನಗೆ ತಿಳಿಯುತ್ತಿತ್ತು, ನಾನು ನಕ್ಕರೆ ಅವಳಿಗೆ ತಿಳಿಯುತ್ತಿತ್ತು. ಹೀಗೆ ಕಲಿಯುತ್ತಿರುವಾಗಲೇ ಒಂದು ದಿನ ಅವಳು ಆಚೆ ಮಗ್ಗದವಳಿಗೆ ಏನೋ ಬೇಡ ಎಂದದ್ದು ಕಂಡು ನನ್ನ ಕೈಯ ನೂಲು ನಿಂತಿತು. ಮನಸ್ಸಿನಲ್ಲಿ ಆ ತುಟಿಯ ಆಕಾರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅಣ್ಣನ ಕೊನೆಯ ಮಧ್ಯಾಹ್ನದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಎದ್ದು ರತ್ನಮ್ಮನ ಎದುರು ಹೋಗಿ ನಿಂತೆ. ಮಗ್ಗಗಳೆಲ್ಲ ಓಡುತ್ತಿದ್ದವು. ದನಿಯಿಲ್ಲದೆ ಕೇಳಿದೆ.

"ಅಣ್ಣ ಕೊನೆಗೆ ಹೇಳಿದ್ದು ಹೀಗೆ." ತುಟಿ ಒಂದು ಬದಿ ಸೇರಿಸಿ, ಬಿಟ್ಟು, ಅಗಲಿಸಿ, ತೆರೆದು ತೋರಿಸಿದೆ.

"ಬೇಡ ಅಂದ್ರು" ಎಂದಳು ರತ್ನಮ್ಮ, ಅವಳೂ ದನಿಯಿಲ್ಲದೆ. ಆಮೇಲೆ ಹುಬ್ಬು ಗಂಟಿಕ್ಕಿದಳು. "ಇನ್ನೊಂದ್ಸಲ ಮಾಡಿ."

ಮಾಡಿದೆ.

"ಮೇಡಂ ಅಂತ್ಲೂ ಆಗ್ತದೆ. ಬಾಯಲ್ಲಿ ಎರಡೂ ಒಂದೇ. ಕೊನೆಗೆ ತುಟಿ ಕೂಡಿದ್ರೆ ಮೇಡಂ, ಕೂಡದಿದ್ರೆ ಬೇಡ."

"ಕೊನೆಗೆ ತುಟಿ ಕೂಡ್ಸೋ ಶಕ್ತಿ ಅವನಿಗಿರಲಿಲ್ಲ ರತ್ನಮ್ಮ."

"ಹೌದಲ್ವಾ." ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇತ್ತು. ಅವಳು ಅದರ ಕಡೆ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಕೈ? ಕೈ ಏನ್ ಮಾಡಿದ್ರು? ಬೀಸಿದ್ರಾ, ಸೀಟಿ ಹಿಡಿದ್ರಾ? ಕೈಯಿಲ್ದೆ ಅಣ್ಣ ಮಾತೇ ಆಡ್ತಿರಲಿಲ್ಲ ಮೇಡಂ, ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಳ್ಳುವ ಅಗತ್ಯವಿರಲಿಲ್ಲ. ಬಾಯಿ ಆಡಿಸಲು ಹೋದೆ, ಆಗಲಿಲ್ಲ. ಬಲಗೈಯನ್ನು ಅಣ್ಣನ ಕೈಯೆಂಬಂತೆ ಮುಂದೆ ಚಾಚಿ, ಅದನ್ನು ನನ್ನ ಎಡಗೈಯಿಂದ ಗಟ್ಟಿಯಾಗಿ ಮುಚ್ಚಿ ಹಿಡಿದು ಅವಳಿಗೆ ತೋರಿಸಿದೆ.